ಅಕ್ಕೋರು ಹುಟ್ಟಿದ ತಾರೀಖು ಯಾರಿಗರೆ ಗೊತ್ತೈತೇನ್ರಿ?

ಹೊಳಿದಂಡಿ (1978ರ ಬ್ಯಾಚು)

ಎಲ್ಲಾರಿಗೂ ನಮಸ್ಕಾರ. ನಮ್ಮ ಸಾಲಿ ಅಕ್ಕೋರಿಗೆ ಮಣ್ಣು ಕೊಟ್ಟು ಬಂದು ಇವತ್ತಿಗೆ ಹನ್ನೆರಡು ದಿನ ಆತು. ದೀಪಾವಳಿ ಆಗಿ ಎರಡು ವಾರ ಆಗಿತ್ತಷ್ಟ. ಮುಂಜಾನೆ ಚಾಕ್ಕ ಇಟ್ಟವರು ಎದಿ ಹಿಡಕೊಂಡು ಕುಂತಾರ, ಚಾ ಹೊತ್ತಿದ ವಾಸನಿ ಬಂದು ಬಾಜೂ ಮನಿಯವರು ನೋಡ್ಯಾರ. ಅದರ ಬಗ್ಗೆ ಇಷ್ಟ ಸಾಕು. ಬಂದವರಿಗೂ, ಬರಾಕ ಆಗದ ಫೋನ್ ಮಾಡಿದವರಿಗೂ ಕೈ ಮುಗೀತೀನಿ.

ಹೊಸಬರಿಗೆ ಗೊತ್ತಿರಲಿ, ನಾನು ಅವರ ಕೈಯಾಗ ಕಲಿತವನಲ್ಲ, ಅವರ ಜೋಡಿ ಕಲಿತವನು. 1971ರ ಜೂನ್‌ದಾಗ ಕೂಡೇ ಹೆಸರು ಹಚ್ಚಿದ್ವಿ, 1978ರಾಗ ಕೂಡೇ ಏಳನೇತ್ತೆ ಮುಗಿಸಿದ್ವಿ. ಆಗ ನಮಗ ಬರೇ 'ಅಕಿ'. ಟಿಸಿಎಚ್ (ಮಾಸ್ತರಕಿ ತರಬೇತಿ) ಮುಗಿಸಿ, ಬ್ಯಾರೆ ಊರಾಗ ನೌಕರಿ ಮಾಡಿ, 1990ರಾಗ ನಮ್ಮೂರ ಸಾಲಿಗೇ ವರ್ಗ ಆಗಿ ಬಂದ್ಲು. ನಮ್ಮ ಮಕ್ಕಳು 'ಅಕ್ಕೋರು' ಅನ್ನಾಕತ್ತಿದ್ವು, ನೋಡನೋಡತ ನಮ್ಮ ಬಾಯಾಗೂ ಅದ ಕುಂತಿತು.

ಈಗ ವಿಷಯಕ್ಕ ಬರ್ತೀನಿ. ಸಾಲ್ಯಾಗ ಮಕ್ಕಳು ಓದೋ ಖೋಲಿಗೆ ಅವರ ಹೆಸರಿಡಾಕ ಎಸ್‌ಡಿಎಂಸಿಯವರು (ಸಾಲಿ ಉಸ್ತುವಾರಿ ಸಮಿತಿ) ಒಪ್ಯಾರ. ಇಳಕಲ್ ಕೆಂಪು ಕಲ್ಲು, ಎರಡಡಿ ಅಗಲ, ಒಂದೂವರೆ ಅಡಿ ಎತ್ತರ. ಹೆಸರು, ಜನನ, ಮರಣ, ಸೇವೆ, ಇಷ್ಟ. ಕಲ್ಲು ಕೆತ್ತಾಂವ ಜನನ ತಾರೀಖು ಕೇಳಿದ. ಸರ್ವಿಸ್ ಬುಕ್ಕಿನ್ಯಾಗ 1-6-1965 ಐತಿ. ಅದು ಖರೆ ಅಲ್ಲ ಅನ್ನೋದು ನಮಗೆಲ್ಲ ಗೊತ್ತು. ನಮ್ಮ ವರ್ಗದಾಗ ಮೂವತ್ತೊಂದು ಮಂದಿ, ಅದರಾಗ ಇಪ್ಪತ್ನಾಲ್ಕು ಮಂದಿ ಜೂನ್ ಒಂದನೇ ತಾರೀಖಿಗೆ ಹುಟ್ಟಿದವರು. ನಾನೂ ಅದರಾಗ ಒಬ್ಬ. ಖರೇವಂದ್ರ ಅಕ್ಕೋರು ಯಾವಾಗ ಹುಟ್ಟಿದ್ರು? ಕಲ್ಲಿನವಂಗ ಎಂಟು ದಿನ ತಡಿ ಅಂದೇನಿ.

ಹಿಂದಿನ ಬೆಂಚು (1978ರ ಬ್ಯಾಚು, ಈಗ ಪುಣೆ)

ತಾರೀಖು ಗೊತ್ತಿಲ್ಲೋ ಮಾರಾಯಾ. ಆದ್ರ ಕಲ್ಲಿನ ಮ್ಯಾಲ 'ಬಾಲ್ಯದಿಂದಲೇ ಪ್ರತಿಭಾವಂತೆ' ಅಂತ ಕೆತ್ತಿಸಬ್ಯಾಡ, ಅಕಿನ ಎದ್ದು ಬಂದು ಅಳಿಸ್ತಾಳ. ಆರನೇತ್ತೆ ಗಣಿತದಾಗ ನಾವಿಬ್ಬರೂ ಕೂಡೇ ಡುಮ್ಕಿ ಹೊಡದವರು.

ನನಗ ನೆನಪಿರೋದು ಉಪ್ಪಿಟ್ಟು. 1972ರ ಬರಗಾಲ ನೆನಪೈತಿಲ್ಲ? ಅಪ್ಪ ಅವ್ವ ಎಲ್ಲ ಕಲ್ಲು ಒಡಿಯೋ ಕೆಲಸಕ್ಕ ಹೋಗ್ತಿದ್ರು, ಮನ್ಯಾಗ ರೇಷನ್ನಿನ ಕೆಂಪು ಜೋಳ. ಸಾಲ್ಯಾಗ ಕೇರ್ ಅನ್ನೋ ಪರದೇಶದ ಸಂಸ್ಥೆದವರ ಉಪ್ಪಿಟ್ಟು, ಹಳದಿ ಬಣ್ಣದ್ದು, ಒಂಥರಾ ವಾಸನಿ. ಮೊದಲನೇ ದಿನ ಉಗುಳಿದವರು ಮೂರನೇ ದಿನ ಎರಡನೇ ಸಲ ಕೈ ಚಾಚಿದ್ವಿ. ಅಕಿ ಅರ್ಧ ತಿಂದು ಉಳಿದದ್ದು ಪಾಟಿ ಮ್ಯಾಲ ಇಟ್ಟು, ಅಂಗೈ ಮುಚ್ಚಿಕೊಂಡು ಮನಿಗೆ ಓಡ್ತಿದ್ಲು. ಮನ್ಯಾಗ ತಮ್ಮ ಇದ್ದ, ಇನ್ನೂ ಸಾಲಿಗೆ ಬರೋ ವಯಸ್ಸಲ್ಲ. ಅವರವ್ವ ಆ ವರ್ಷನ ತೀರ್ಕೊಂಡಿದ್ಲು. ಮರುದಿನ ಪಾಟಿಗೆಲ್ಲ ಎಣ್ಣಿ, ಎಷ್ಟ ಒತ್ತಿ ಬರದ್ರೂ ಅಕ್ಷರ ಮೂಡ್ತಿರಲಿಲ್ಲ. ಮಾಸ್ತರು ಕೈ ಮ್ಯಾಲ ಕೊಡ್ತಿದ್ರು. ಯಾಕ ಎಣ್ಣಿ ಹತ್ತಿತು ಅಂತ ಒಂದು ದಿನಾನೂ ಬಾಯಿ ಬಿಡಲಿಲ್ಲ. ನಾವೂ ಹೇಳಲಿಲ್ಲ. ಹೇಳಬಹುದಿತ್ತು.

ನವನಗರದ ನರ್ಸು (1997ರ ಬ್ಯಾಚು)

ಕಾಕಾ, ನೀವು ಬರದದ್ದು ಓದಿ ಐದು ನಿಮಿಷ ಸುಮ್ಮನ ಕುಂತೆ. ನಮ್ಮ ಕಾಲಕ್ಕ ಯಾರದರೆ ಪಾಟಿಗೆ ಎಣ್ಣಿ ಹತ್ತಿದ್ರ ಅಕ್ಕೋರು ಏನೂ ಕೇಳ್ತಿರಲಿಲ್ಲ. ಮೇಜಿನ ಡ್ರಾದಾಗ ಇದ್ದಲಿ ಪುಡಿ ಪೊಟ್ಟಣ ಇರ್ತಿತ್ತು, ಸೀರಿ ಸೆರಗು ಸಿಗಿಸಿ ತಾವ ತಿಕ್ಕಿ, ಒರಿಸಿ ಕೊಡ್ತಿದ್ರು. ಎಲ್ಲಾದಕ್ಕೂ ಬೈಯೋ ಅಕ್ಕೋರು ಇದಕ್ಕ ಮಾತ್ರ ಯಾಕ ಬೈಯಂಗಿಲ್ಲ ಅಂತ ನಮಗ ಸೋಜಿಗ. ಇವತ್ತ ತಿಳೀತು.

ತಾರೀಖಿನ ವಿಷಯ ನನಗೂ ಗೊತ್ತಿಲ್ಲ, ಆದ್ರ ನನ್ನ ತಾರೀಖು ಕೊಟ್ಟವರು ಅವರ. ಅವರು ಊರಿಗೆ ಬಂದ ವರ್ಷನ ನನ್ನ ಹೆಸರು ಹಚ್ಚಿದ್ದು. ಅಪ್ಪ "ಎಲ್ಲಾರ್ದೂ ಹಾಕಿದಂಗ ಜೂನ್ ಒಂದು ಹಾಕ್ರಿ" ಅಂದ. ಅಕ್ಕೋರು ಪೆನ್ನಿನ ಟೊಪ್ಪಿಗಿ ಮುಚ್ಚಿ, "ಸಂಜೀಕ ಮನಿಗೆ ಬರ್ತೀನಿ" ಅಂದ್ರಂತ. ಬಂದು ಹೊಸ್ತಲಾ ದಾಟಲಿಲ್ಲ, ಕಟ್ಟಿ ಮ್ಯಾಲ ಕುಂತು ಅವ್ವನ ಕರದ್ರು. ನಾ ಅವ್ವನ ಬೆನ್ನಿಗೆ ಜೋತುಬಿದ್ದಿದ್ದೆ, ಅದಕ್ಕ ನೆನಪೈತಿ.

"ಇಕಿ ಹುಟ್ಟಿದಾಗ ಹೊಲದಾಗ ಏನಿತ್ತವ್ವಾ?"

"ಹೆಸರಕಾಯಿ ಬಿಡಸ್ತಿದ್ವಿ."

"ಗಣಪತಿ ಕುಂತಿದ್ದನೋ, ಕಳಿಸಿಯಾಗಿತ್ತೋ?"

"ಕಳಿಸಿ ಮೂರ್ನಾಲ್ಕ ದಿನ ಆಗಿತ್ರಿ. ಬ್ಯಾನಿ ಸುರುವಾದಾಗ ಇವರು ಸಂತಿಗೆ ಹೋಗಿದ್ರು."

"ಯಾವ ಊರ ಸಂತಿ?"

ಸಂತಿ ಅಂದ್ರ ವಾರ ಸಿಕ್ಕಂಗಾತು. ವರ್ಷ ಯಾವುದು ಅಂದ್ರ ಅವ್ವಂಗ ಗೊತ್ತಿಲ್ಲ. "ಬಾಣಂತನ ಮುಗಿಸಿ ತವರಿಂದ ಬರೋ ಹೊತ್ತಿಗೆ ಇಂದಿರಾಗಾಂಧಿಗೆ ಗುಂಡು ಹೊಡದ್ರು ಅಂತ ಬಸ್ ನಿಂತಿದ್ವು" ಅಂದ್ಲು. ಆತು, 1984. ಅಕ್ಕೋರು ಹಳೇ ಕ್ಯಾಲೆಂಡರ್ ತೆಗೆದು ಬೆರಳಿಟ್ಟು ಎಣಿಸಿ ಒಂದು ಬುಧವಾರಕ್ಕ ಬಂದು ನಿಂತ್ರು. ಅದ ನನ್ನ ತಾರೀಖು. ಇಲ್ಲಿ ಬರಿಯಂಗಿಲ್ಲ, ಬ್ಯಾಂಕಿನವರು ಯಾರಿಗೂ ಹೇಳಬ್ಯಾಡ್ರಿ ಅಂತಾರ.

ಜೂನ್ ಒಂದು

ನಾನು ಬೇರೆ ಊರಿನ ಸಾಲಿಯವನು, ಅಕ್ಕೋರ ಪರಿಚಯ ಇಲ್ಲ, ಗೆಳೆಯ ಕಳಿಸಿದ್ದಕ್ಕೆ ಓದಿದೆ. ಪೊಲೀಸ್ ಇಲಾಖೆಯಲ್ಲಿದ್ದೀನಿ. ನಮ್ಮ ಠಾಣೆಯಲ್ಲಿ ಹದಿನೆಂಟು ಜನ, ಏಳು ಜನರದ್ದು ಜೂನ್ ಒಂದು. ಆ ದಿನ ಕೇಕ್ ತರೋದಾದ್ರೆ ಒಂದೇ ತರಬಹುದು, ಉಳಿತಾಯ.

ಯಾಕೆ ಹಿಂಗೆ ಅಂತ ನಮ್ಮ ಮಗಳು ಕೇಳ್ತಾಳೆ. ಸಾಲಿ ಸುರುವಾಗೋದು ಜೂನ್‌ದಾಗ, ಆ ದಿನಕ್ಕೆ ವಯಸ್ಸು ತುಂಬಿರಬೇಕು. ಜನನ ನೋಂದಣಿ ಕಾಯ್ದೆ ಆಗಿದ್ದೇ 1969ರಲ್ಲಿ, ಅದು ಹಳ್ಳಿ ಮುಟ್ಟೋಕೆ ಇನ್ನೆಷ್ಟೋ ವರ್ಷ. ಮಾಸ್ತರು ಹುಡುಗನ್ನ ನೋಡೋರು. ಕೈನ ತಲೆ ಮೇಲಿಂದ ಹಾಕಿ ಆ ಕಡೆ ಕಿವಿ ಮುಟ್ಟಿದ್ರೆ ಆಯ್ತು, ವಯಸ್ಸಾಗಿದೆ. ಜೂನ್ ಒಂದು ಬರಿ. ನನಗೆ ಕಿವಿ ಮುಟ್ಟಲಿಲ್ಲವಂತೆ, ಮಾಸ್ತರೇ ತಲೆ ಸ್ವಲ್ಪ ಬಗ್ಗಿಸಿದರಂತೆ.

ನಾನಂತೂ ಆ ಮಾಸ್ತರಿಗೆ ಋಣಿ. ಖರೆ ತಾರೀಖು ಬರೆದಿದ್ದರೆ ಆ ವರ್ಷದ ಭರ್ತಿಗೆ ನನಗೆ ವಯಸ್ಸು ಸಾಲ್ತಿರಲಿಲ್ಲ.

ಕಾಳಿನ ಚೀಲ

ಎಲ್ಲಾರೂ ಹೊಗಳ್ತೀರಿ, ನಾ ಸ್ವಲ್ಪ ಬ್ಯಾರೆ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಖರೆ ತಾರೀಖಿನ ಹಟದಿಂದ ನನ್ನ ಮಗಂದು ಒಂದು ವರ್ಷ ಹೋತು. ಇಪ್ಪತ್ತೆರಡು ದಿನ ಕಮ್ಮಿ. ಬರೇ ಇಪ್ಪತ್ತೆರಡು ದಿನ! ಓಣ್ಯಾಗ ಅವನ ಜೋಡಿ ಆಡೋ ಹುಡುಗರೆಲ್ಲ ಸಾಲಿಗೆ ಹೋದ್ರು. ಅಕ್ಕೋರ ಮುಂದ ಕೈ ಮುಗದೆ, ಆಮ್ಯಾಲ ಬಾಯಿ ಮಾಡಿದೆ, ಅಂಗಡಿ ಮುಂದ ಹೋಗೋವಾಗ ನಾಲ್ಕು ಮಂದಿ ಎದುರಿಗೆ ಕೆಟ್ಟ ಮಾತೂ ಆಡಿದೆ. "ಸುಳ್ಳು ಬರದ್ರ ಇವನ ಅರವತ್ತರ ತನಕ ಆ ಸುಳ್ಳು ಬೆನ್ನು ಬಿಡಂಗಿಲ್ಲ ಕಾಕಾ" ಅಂದ್ರು, ಹೋದ್ರು.

ಒಂದು ವಾರ ಬಿಟ್ಟು ಮನಿಗೆ ಬಂದು ಹುಡುಗನ್ನ ಕೈ ಹಿಡದು ಕರಕೊಂಡು ಹೋದ್ರು. ಹಾಜರಿ ಪುಸ್ತಕದಾಗ ಹೆಸರಿಲ್ಲ, ವರ್ಷಪೂರ್ತಿ ಒಂದನೇತ್ತೆದಾಗ ಕುಂತ. ಹೆಸರು ಕರೆಯೋವಾಗ ಕಡೀಕ ಇವನ್ನೂ ಕರೀತಿದ್ರಂತ, ಇವ "ಹಾಜರ್" ಅಂತಿದ್ದ, ಅಕ್ಕೋರು ಬರೆದಂಗ ಮಾಡ್ತಿದ್ರು. ಮುಂದಿನ ವರ್ಷ ಮತ್ತ ಒಂದನೇತ್ತೆ. ನನಗ ಇವತ್ತಿಗೂ ಪೂರ್ತಿ ಸಮಾಧಾನ ಇಲ್ಲ. ಸತ್ತವರ ಬಗ್ಗೆ ಸುಳ್ಳು ಹೇಳಬಾರದು ಅಂತ ಇಷ್ಟು ಬರದೆ. ಕಲ್ಲಿಗೆ ನಂದು ಎರಡು ಸಾವಿರ ಹಿಡಿರಿ.

ಬಿಸಿಲು (2006ರ ಬ್ಯಾಚು, ಬೆಂಗಳೂರು)

ಕಲ್ಲಿಗಿಂತ ಪುಸ್ತಕ ಕೊಡಿಸಿದರೆ ಒಳ್ಳೆಯದಲ್ಲವೇ? ಅಥವಾ ಒಂದು ದತ್ತಿ ನಿಧಿ ಇಟ್ಟು, ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಒಬ್ಬ ಹುಡುಗಿಗೆ ಸಹಾಯ?

ಹೊಳಿದಂಡಿ

ತಂಗಿ, ಪುಸ್ತಕಾನೂ ಆಗ್ತೈತಿ, ಕಲ್ಲೂ ಆಗ್ತೈತಿ. ರೊಕ್ಕದ ಮಾತಿಗೆ ಬ್ಯಾರೆ ಗುಂಪು ಐತಿ. ಇಲ್ಲಿ ತಾರೀಖು ಅಷ್ಟ.

ಮುಖ್ಯಗುರು

ಎಲ್ಲರಿಗೂ ನಮಸ್ಕಾರಗಳು. ಈಗಿನ ಶಾಲೆಯ ಮುಖ್ಯಗುರುವಾಗಿ ಒಂದು ತೊಡಕು ಹೇಳಲೇಬೇಕು. ಸರ್ಕಾರಿ ಕಟ್ಟಡದ ಗೋಡೆಯ ಮೇಲೆ ಸೇವಾ ಪುಸ್ತಕಕ್ಕೆ ವಿರುದ್ಧವಾದ ಜನ್ಮ ದಿನಾಂಕ ಹಾಕಿದರೆ ನಾಳೆ ಯಾರಾದರೂ ತಕರಾರು ತೆಗೆಯುತ್ತಾರೆ, ಉತ್ತರ ಕೊಡಬೇಕಾದವನು ನಾನು. ದಾಖಲೆಯಲ್ಲಿ 1-6-1965 ಇದೆ. ಅದನ್ನೇ ಹಾಕುವುದು ಕ್ಷೇಮ.

ತಿದ್ದಿಸಿಕೊಳ್ಳಬಹುದಿತ್ತಲ್ಲ ಎಂದು ಕೆಲವರು ಫೋನಿನಲ್ಲಿ ಕೇಳಿದ್ದೀರಿ. ಸೇವೆಗೆ ಸೇರಿ ವಯಸ್ಸು ದಾಖಲಾದ ಮೂರು ವರ್ಷದೊಳಗೆ ಕೇಳಬೇಕು, ಪುರಾವೆ ಬೇಕು. ಅವರ ಹತ್ತಿರ ಏನಿತ್ತು ಪುರಾವೆ?

ಅವರು ನಿವೃತ್ತರಾದದ್ದು 2025ರ ಮೇ 31ಕ್ಕೆ. ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ, ಹೀಗಾಗಿ ನಮ್ಮ ಇಲಾಖೆಯಲ್ಲಿ ಮೇ 31 ಎಂದರೆ ಹಾರ ತುರಾಯಿಗಳ ದಿನ. ಆಗಷ್ಟೇ ಶಾಲೆ ಶುರುವಾಗಿ ಎರಡು ಮೂರು ದಿನ. ಮಧ್ಯಾಹ್ನ ಮೂರಕ್ಕೆ ಬೀಳ್ಕೊಡುಗೆ ಇಟ್ಟುಕೊಂಡಿದ್ದೆವು. ಎರಡೂವರೆಗೆ ನೋಡಿದರೆ ಮೇಡಂ ಇಲ್ಲ. ದಾಖಲಾತಿಗೆ ಬಂದಿದ್ದ ಒಂದು ಮಗುವಿನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ತಪ್ಪಾಗಿದೆ ಎಂದು ಅವರ ಮನೆಗೆ ಹೋಗಿದ್ದರು. ಮೂರೂಕಾಲಕ್ಕೆ ಬೆವರು ಒರೆಸಿಕೊಳ್ಳುತ್ತ ಬಂದರು. ಶಾಲು ಹೊದಿಸಿದಾಗ ಮಾತಾಡಿ ಎಂದರೆ, "ನನ್ನ ಎಂಟು ತಿಂಗಳು ಸರ್ಕಾರದ ಕಡೆ ಐತಿ, ಬಡ್ಡಿ ಸಮೇತ ಕೇಳಬೇಕು" ಎಂದು ನಕ್ಕು ಕೂತರು. ನಾವೂ ನಕ್ಕೆವು. ಎಂಟು ತಿಂಗಳು ಎಂದದ್ದು ಯಾವ ಲೆಕ್ಕವೆಂದು ಆಗ ಕೇಳಲಿಲ್ಲ.

ಹಿಂದಿನ ಬೆಂಚು

ಸರ್, ಮೂವತ್ತೈದು ವರ್ಷ ಜೂನ್ ಒಂದು ಬರೆಯಂಗಿಲ್ಲ ಅಂತ ಜಗಳಾಡಿದವರ ಕಲ್ಲಿನ ಮ್ಯಾಲ ಜೂನ್ ಒಂದು ಕೆತ್ತಸ್ತೀರಾ? ಹಂಗಿದ್ರ ಕಲ್ಲ ಬ್ಯಾಡ.

ಮುಖ್ಯಗುರು

ನನ್ನ ಮೇಲೆ ಯಾಕೆ ಸಿಟ್ಟು ಸರ್. ಪುರಾವೆ ತನ್ನಿ, ನೋಡೋಣ.

ಬಿಸಿಲು

ಮುಖ್ಯಗುರುಗಳು ಹೇಳಿದ ಎಂಟು ತಿಂಗಳು ತಲೆಯಲ್ಲಿ ಕೊರೆಯುತ್ತಿದೆ. ಮೇ 31ರಿಂದ ಎಂಟು ತಿಂಗಳು ಎಂದರೆ ಜನವರಿ 31. ಅಂದರೆ ತಾವು ಹುಟ್ಟಿದ್ದು 1966ರ ಜನವರಿ ಎಂದು ಅಕ್ಕೋರಿಗೆ ಅಂದಾಜು ಇತ್ತು ಅನ್ನಿಸುತ್ತೆ.

ಇನ್ನೊಂದು ಹೇಳ್ತೀನಿ. ನಾಲ್ಕು ವರ್ಷದ ಹಿಂದೆ ಮೇ ತಿಂಗಳಲ್ಲಿ ಊರಿಗೆ ಬಂದಾಗ ಅಕ್ಕೋರು "ಹಳೇ ಊರು ಎದ್ದೈತಿ, ಬರ್ತೀ ಏನು" ಅಂದರು. ಹೊರಗಿನವರಿಗೆ ಅರ್ಥ ಆಗಲ್ಲ ಇದು. ಆಲಮಟ್ಟಿ ಡ್ಯಾಮು 519.60 ಮೀಟರ್ ತುಂಬಿದಾಗ ನಮ್ಮ ಹಳೇ ಊರು ನೀರಡಿ, ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಊರು ಮತ್ತೆ ಮೇಲೆ. ನಾನು ಹುಟ್ಟಿದ ಮನೆ ಅಲ್ಲೇ, ಆದರೆ ಸಾಲಿ ಕಲಿತದ್ದು ಪುನರ್ವಸತಿ ಕೇಂದ್ರದ ಪತ್ರಾಸ್ ಶೆಡ್ಡಿನಲ್ಲಿ. ಕೆಸರು ಒಣಗಿ ಬಿರುಕು ಬಿಟ್ಟಿತ್ತು, ದೂರದಲ್ಲಿ ನೀರಿನ ಅಂಚಿಗೆ ರಾಜಹಂಸಗಳ ಹಿಂಡು. ಮನೆ ಬಿಡುವಾಗ ಬಾಗಿಲು, ತೊಲೆ, ಜಂತಿ ಎಲ್ಲ ಬಿಚ್ಚಿಕೊಂಡು ಹೋಗಿದ್ದರಿಂದ ಉಳಿದದ್ದು ಬುನಾದಿ ಕಲ್ಲಿನ ಸಾಲು ಮಾತ್ರ. ಅಕ್ಕೋರು ಚಪ್ಪಲಿ ಬಿಟ್ಟು ನಡೆದರು. ಇದು ಒಂದನೇತ್ತೆ, ಇದು ಆಫೀಸು, ಇಲ್ಲಿ ಗಂಟೆಗೆ ಕಂಬಿ ತುಂಡು ತೂಗುಹಾಕಿದ್ರು ಅಂತ ಗಾಳಿಯಲ್ಲೇ ತೋರಿಸಿದರು. ಎಲ್ಲರೂ ಬಾಗಿಲು ತೊಲೆ ಟ್ರ್ಯಾಕ್ಟರಿಗೆ ಹೇರುವಾಗ ಅವರು 1920ರ ದಶಕದಿಂದ ಇದ್ದ ದಾಖಲಾತಿ ರಿಜಿಸ್ಟರುಗಳನ್ನು ಗೋಣಿಚೀಲದಲ್ಲಿ ತುಂಬಿ, ತಮ್ಮ ಮನೆ ಸಾಮಾನಿಗಿಂತ ಮೊದಲು ಹೊಸ ಊರಿಗೆ ಸಾಗಿಸಿದರಂತೆ. "ಅದರಾಗ ಇರೋದೆಲ್ಲ ಸುಳ್ಳ ತಾರೀಖು ಅಲ್ಲೇನ್ರಿ ಅಕ್ಕೋರ" ಅಂತ ಚಾಷ್ಟಿ ಮಾಡಿದೆ. "ಹೆಸರು ಖರೇವ ಅದಾವಲ್ಲ" ಅಂದರು.

ಜೂನ್ ಒಂದು

ಒಂದು ಲೆಕ್ಕ. 1966 ಜನವರಿ ಹುಟ್ಟು, 1971 ಜೂನ್ ಸೇರ್ಪಡೆ ಅಂದ್ರೆ ಐದು ವರ್ಷ ಚಿಲ್ಲರೆ. ಅದಕ್ಕೇ ಆಗಿನ ಮಾಸ್ತರು ಏಳೆಂಟು ತಿಂಗಳು ಹಿಂದಕ್ಕೆ ಎಳೆದು ಆರು ವರ್ಷ ಮಾಡಿದ್ದಾರೆ. ಲೆಕ್ಕ ಕೂಡ್ತದೆ.

ಸೋದರ ಸೊಸಿ

ಅಕ್ಕೋರು ನಮ್ಮ ಸೋದರತ್ತಿ. ಎರಡು ದಿನದಿಂದ ಓದಾಕತ್ತೀನಿ, ಬರೀಲೋ ಬ್ಯಾಡೋ ಅಂತ ಇದ್ದೆ. ಮ್ಯಾಲೆ ಒಬ್ಬರು ಪಾಟಿ ಉಪ್ಪಿಟ್ಟಿನ ಮಾತು ಬರದಾರಲ್ಲ, ಅದನ್ನ ನಮ್ಮ ಅಪ್ಪಂಗ ಓದಿ ಹೇಳಿದೆ. ಆ ಉಪ್ಪಿಟ್ಟು ತಿಂದ ತಮ್ಮ ಅವನ. ಏನೂ ಅನ್ನಲಿಲ್ಲ, ಎದ್ದು ಎತ್ತಿಗೆ ನೀರು ಕುಡಿಸ್ತೀನಿ ಅಂತ ಹೋದ. ಈಗ ನಮ್ಮ ಮನ್ಯಾಗ ಎತ್ತಿಲ್ಲ.

ಅತ್ತಿ ಟ್ರಂಕಿನ್ಯಾಗ ಇನ್ನೂರು ಪೇಜಿನ ಒಂದು ನೋಟ್‌ಬುಕ್ ಸಿಕ್ಕೈತಿ. ಸ್ಕೇಲಿಲೆ ಮೂರು ಗೀಟು ಹೊಡದು ಮನಿ ಮಾಡ್ಯಾರ. ಮೊದಲನೇದ್ರಾಗ ಮಗುವಿನ ಹೆಸರು. ನಡುವ 'ತಾಯಿ ಹೇಳಿದ್ದು'. ಕಡೀಕ ತಾರೀಖು. ನಡುವಿನ ಮನ್ಯಾಗ ಏನೇನ ಬರದಾರ ಅಂದ್ರ, "ಎಳ್ಳಮಾಸಿ ಚರಗಾ ಚೆಲ್ಲಿ ಬಂದ ರಾತ್ರಿ", "ಬಣ್ಣದ ಬಂಡಿ ಓಣಿಗೆ ಬಂದಾಗ ಬ್ಯಾನಿ", "ಹೊಳಿ ಸೇತುವೆ ಮುಟ್ಟಿತ್ತು, ಸೂಲಗಿತ್ತಿ ಬರಾಕ ಆಗಲಿಲ್ಲ", "ಕಾರಹುಣ್ಣಿವಿ, ಎತ್ತು ಓಡಿಸೋ ಹೊತ್ತು". ಒಂದು ಕಡೆ "ತಾಯಿ ಅತ್ತಳು, ಮತ್ತ ಕೇಳಲಿಲ್ಲ" ಅಂತ ಬರದು ತಾರೀಖಿನ ಮನಿ ಖಾಲಿ ಬಿಟ್ಟಾರ.

ಕಡೀ ಪೇಜಿನ್ಯಾಗ ತಮ್ಮ ಹೆಸರು ಬರಕೊಂಡಾರ. ತಾಯಿ ಹೇಳಿದ್ದು ಅನ್ನೋದನ್ನ ಹೊಡದು 'ಅಪ್ಪ' ಅಂತ ಬರದಾರ. ಅದರ ಕೆಳಗ ಎರಡ ಶಬ್ದ, "ಚಳಿ ಇತ್ತು". ಮುಂದ ಪೆನ್ಸಿಲ್‌ನಿಂದ "ಸಂಕ್ರಮಣ?" ತಾರೀಖಿನ ಮನ್ಯಾಗ ಏನಿಲ್ಲ.

ಕಾಳಿನ ಚೀಲ

ಅದರಾಗ ನಮ್ಮ ಹುಡುಗನ ಹೆಸರೈತೇನವ್ವಾ?

ಸೋದರ ಸೊಸಿ

ಐತ್ರಿ ಕಾಕಾ. "ತಾಯಿ ಹೇಳಿದ್ದು" ಮನ್ಯಾಗ ತಾರೀಖಿನ ಗುರುತು ಬರದು, ಅದರ ಕೆಳಗ ಸಣ್ಣದಾಗಿ "ತಂದೆ ಭಾಳ ಸಿಟ್ಟಿನಲ್ಲಿದ್ದಾರೆ. ನ್ಯಾಯ ಅವರದೂ ಇದೆ" ಅಂತ ಐತಿ.

ಟಪಾಲ್ ಮುತ್ಯಾ

ಮುತ್ಯಾ ಹೇಳ್ತಾನ, ನಾ ಮೊಮ್ಮಗ ಟೈಪ್ ಮಾಡಾಕತ್ತೀನಿ. ಅವನಿಗೆ ಎಂಬತ್ತೆರಡು. ಹೇಳಿದ್ದು ಹೇಳಿದಂಗ ಬರೀತೀನಿ.

ಇಷ್ಟ ಮಂದಿ ಇಷ್ಟ ದಿನದಿಂದ ಏನ ಹುಡುಕಾಕತ್ತೀರಿ, ನನ್ನ ಯಾರೂ ಕೇಳಲಿಲ್ಲಲ್ಲ. ನಾ ಆಗ ಹೊಸದಾಗಿ ಟಪಾಲ್ ನೌಕರಿ ಹಿಡದಿದ್ದೆ. ಚಾವಡ್ಯಾಗ ಊರಿಗೊಂದ ರೇಡಿಯೋ. ಅವತ್ತ ಮುಂಜಾನೆ ಶಾಸ್ತ್ರಿ ಹೋದ ಅಂತ ಸುದ್ದಿ ಬಂತು, ಪರದೇಶದಾಗ ತಾಷ್ಕೆಂಟ್ ಅನ್ನೋ ಊರಾಗ ರಾತ್ರಿ ಜೀವ ಹೋಗೇತಿ ಅಂತ. ನಮ್ಮ ಮಂದಿಗೆ ಶಾಸ್ತ್ರಿ ಅಂದ್ರ ಗೊತ್ತಿತ್ತು, ಒಂದೂವರೆ ವರ್ಷದ ಹಿಂದ ಆಲಮಟ್ಟಿಗೆ ಬಂದು ಡ್ಯಾಮಿಗೆ ಕಲ್ಲ ಹಾಕಿ ಹೋಗಿದ್ದ. ನಾ ಸೈಕಲ್ ಹೊಡಕೊಂಡು ಹೋಗಿ ನೋಡಿಬಂದಿದ್ದೆ, ಸಣ್ಣ ಮನಶ್ಯಾ. ಆ ಕಲ್ಲು ಮುಂದ ನಮ್ಮ ಊರ ಮ್ಯಾಲ ಬೀಳ್ತೈತಿ ಅಂತ ಅವತ್ತ ಯಾರಿಗೆ ಗೊತ್ತಿತ್ತು, ಚಪ್ಪಾಳಿ ಹೊಡದ್ವಿ.

ಚಾವಡಿ ತುಂಬ ಮಂದಿ. ಅಷ್ಟರಾಗ ಇಕಿ ಅಪ್ಪ ಬಂದ. ಬನಶಂಕರಿ ಜಾತ್ರಿಗೆ ಹೋದಾಂವ ಹಿಂದಿನ ದಿನಷ್ಟ ಬಂದಿದ್ದ. ಬಂದು ನನ್ನ ತೋಳ ಹಿಡದು, "ಹೆಣ್ಣ ಹುಟ್ಟೇತಿ, ಅತ್ತಿಗೆ ಬಾಣಂತನಕ್ಕ ಬಾ ಅಂತ ಒಂದು ಕಾರ್ಡು ಬರಕೊಡು" ಅಂದ. ಅವಂಗ ಬರೆಯಾಕ ಬರ್ತಿರಲಿಲ್ಲ. ನಾ ಅಲ್ಲೇ ರೇಡಿಯೋ ಮುಂದ ಕುಂತು ಬರದೆ. ನಿಮ್ಮ ಮಗಳಿಗೆ ಹೆಣ್ಣು ಕೂಸು ಹುಟ್ಟಿದೆ, ಇಬ್ಬರೂ ಕ್ಷೇಮ, ಕೂಡಲೇ ಹೊರಟು ಬರುವುದು. ಕೆಳಗ ಜಾಗ ಉಳಿದಿತ್ತು, ಪ್ರಧಾನಿ ಶಾಸ್ತ್ರೀಜಿ ಕಾಲವಾದರು ಅಂತಾನೂ ಸೇರಿಸಿದೆ. ಹುಟ್ಟಿದ ಸುದ್ದಿ ಸತ್ತ ಸುದ್ದಿ ಒಂದ ಕಾರ್ಡಿನ್ಯಾಗ ಬರದ್ಯಲ್ಲೋ ಅಂತ ಹಿರಿಯಾರು ಬೈದ್ರು. ಅದಕ್ಕ ನನಗ ಮರ್ತಿಲ್ಲ.

ಬನದ ಹುಣ್ಣಿವಿ ಆಗಿತ್ತು, ಸಂಕ್ರಮಣ ಇನ್ನೂ ಆಗಿರಲಿಲ್ಲ. ಮಂಗಳವಾರ.

ಬಿಸಿಲು

ಮುತ್ಯಾ! ನೋಡಿದೆ ಈಗಷ್ಟೇ. ಶಾಸ್ತ್ರಿ ತೀರಿಕೊಂಡದ್ದು 1966 ಜನವರಿ 11. ಮಂಗಳವಾರ. ಸಂಕ್ರಾಂತಿ 14ಕ್ಕೆ. ಬನದ ಹುಣ್ಣಿಮೆ 11ಕ್ಕೂ ನಾಲ್ಕೈದು ದಿನ ಮುಂಚೆ. ಎಲ್ಲ ಕೂಡ್ತಾ ಇದೆ.

ಹೊಳಿದಂಡಿ

ಮುತ್ಯಾ, ನಿಮ್ಮ ಮನಿ ಅಕ್ಕೋರ ಮನಿಯಿಂದ ಮೂರನೇದು. ಅಕ್ಕೋರಿಗೆ ಯಾಕ ಹೇಳಲಿಲ್ರಿ?

ಟಪಾಲ್ ಮುತ್ಯಾ

ಅಕಿ ಕೇಳಬೇಕಲ್ಲೋ. ಇಡೀ ಊರ ಹೆಂಗಸರನ್ನ ಕೇಳಿದ್ಲು. ಗಂಡಸರಿಗೆ ಬರೇ ಮಳಿ ಬೆಳಿ ನೆನಪಿರ್ತಾವ, ಮಕ್ಕಳು ಹುಟ್ಟಿದ್ದು ನೆನಪಿರಂಗಿಲ್ಲ ಅಂತ ಅಕಿ ಲೆಕ್ಕ. ನನ್ನ ಎದುರಿಗೆ ಹತ್ತ ಸಲ ಅಂದಾಳ. ನಾನೂ ಅಕಿಗೆ ಗೊತ್ತೈತಿ ಅಂತ ತಿಳಕೊಂಡಿದ್ದೆ, ಓದಿದಾಕಿ.

(ಮೊಮ್ಮಗ: ಇಷ್ಟ ಹೇಳಿ ಮುತ್ಯಾ ಸಾಕು ಅಂದ. ಕಣ್ಣಾಗ ನೀರು ಬಂದಾವ. ನಾಳೆ ಉಳಿದದ್ದು ಕೇಳ್ತೀನಿ.)

ಜೂನ್ ಒಂದು

ಹಂಗಾದ್ರೆ ಖರೆ ತಾರೀಖಿನ ಪ್ರಕಾರ ಅವರ ನಿವೃತ್ತಿ 2026ರ ಜನವರಿ 31. ತೀರಿಕೊಂಡ ದಿನ ಅವರು ಇನ್ನೂ ನೌಕರಿ ಮೇಲಿರಬೇಕಿತ್ತು. ಆ ಮುಂಜಾನೆ ಚಾ ಕುಡಿದು ಸಾಲಿಗೆ ಹೊರಡಬೇಕಿತ್ತು.

ಮತ್ತೊಂದು. 2025ರಲ್ಲಿ ಒಂದನೇ ತರಗತಿಗೆ ಸರ್ಕಾರ ಆರು ವರ್ಷದ ನಿಯಮ ಸಡಿಲಿಸಿ ಐದು ವರ್ಷ ಐದು ತಿಂಗಳು ಮಾಡಿತ್ತಲ್ಲ. ಜೂನ್ ಒಂದಕ್ಕೆ ಎಣಿಸಿದರೆ ಅಕ್ಕೋರಿಗೆ ಅದಕ್ಕೂ ಹತ್ತು ದಿನ ಕಮ್ಮಿ. ಅವರೇ ಅವರನ್ನ ಸೇರಿಸಿಕೊಳ್ತಿರಲಿಲ್ಲ.

ಕಾಳಿನ ಚೀಲ

ಹೆಸರಿಲ್ಲದ ಕೂಡಿಸ್ಕೊತಿದ್ರು.

ನವನಗರದ ನರ್ಸು

ಮುತ್ಯಾ ಬರದ ಡ್ಯಾಮಿನ ಮಾತು ಓದಿ ತಡಕೊಳ್ಳಾಕ ಆಗವಲ್ದು. ಆಲಮಟ್ಟಿ ಡ್ಯಾಮಿಗೆ ಕಲ್ಲ ಹಾಕಿದವರು ಯಾರು ಅಂತ ಅಕ್ಕೋರು ನಾಲ್ಕನೇತ್ತೆದಾಗ ಕೇಳ್ತಿದ್ರು, ನಾವು ಒಟ್ಟಿಗೆ ಒದರ್ತಿದ್ವಿ, ಲಾಲ್ ಬಹಾದ್ದೂರ್ ಶಾಸ್ತ್ರಿ. ದಿನಾ ಕೇಳ್ತಿದ್ರು.

ಮುಖ್ಯಗುರು

ಮುತ್ಯಾರ ಹೇಳಿಕೆ ಇಲಾಖೆಗೆ ಪುರಾವೆ ಆಗುವುದಿಲ್ಲ. ಆದರೆ ಮೇಡಂ ಬರೆದಿಟ್ಟ ನೋಟ್‌ಬುಕ್ಕಿನಲ್ಲಿ ಇದಕ್ಕಿಂತ ಕಡಿಮೆ ಗುರುತಿಗೆ ತಾರೀಖು ಕೊಟ್ಟಿದ್ದಾರೆ, ಆ ತಾರೀಖುಗಳನ್ನು ನಾನೇ ವರ್ಗಾವಣೆ ಪತ್ರದಲ್ಲಿ ಬರೆದು ಸಹಿ ಮಾಡಿದ್ದೇನೆ. ಎಸ್‌ಡಿಎಂಸಿ ಅಧ್ಯಕ್ಷರ ಹತ್ತಿರ ಮಾತಾಡಿದೆ. ಕಲ್ಲಿನಲ್ಲಿ 11-1-1966 ಹಾಕಿ. ತಕರಾರು ಬಂದರೆ ನೋಡಿಕೊಳ್ಳುತ್ತೇನೆ. ಕಲ್ಲನ್ನು ಗೋಡೆಗೆ ಹಾಕುವುದು ಬೇಡ, ಬಾಗಿಲ ಪಕ್ಕ ಕಟ್ಟೆ ಕಟ್ಟಿ ನಿಲ್ಲಿಸೋಣ, ಕಟ್ಟೆ ಊರಿನದು ಆಗುತ್ತೆ.

ಹಿಂದಿನ ಬೆಂಚು

ಸರ್, ಸಿಟ್ಟಿನಾಗ ಅಂದದ್ದು ಮರ್ತಬಿಡ್ರಿ. ಕಟ್ಟಿ ಕೆಲಸ ನಂದು. ಪುಣೆದಾಗ ಮೂವತ್ತು ವರ್ಷ ಗೌಂಡಿ ಕೆಲಸ ಮಾಡೇನಿ, ಹಬ್ಬಕ್ಕ ಬಂದು ನನ್ನ ಕೈಯಾರೆ ಕಟ್ತೀನಿ. ಸಂಕ್ರಮಣದ ಮುಂದ, 11ಕ್ಕ ಮುಟ್ಟಂಗ.

ಸೋದರ ಸೊಸಿ

ನೋಟ್‌ಬುಕ್ಕಿನ ಕಡೀ ಪೇಜು ತುಂಬಸ್ರಿ ಅಂತ ಅಪ್ಪಂಗ ಕೊಟ್ಟೆ. ಅವನ ಅಕ್ಷರ ಭಾಳ ಸೊಟ್ಟ. 'ಅಪ್ಪ' ಅಂತ ಇದ್ದದ್ದರ ಬಾಜೂಕ 'ಟಪಾಲ್ ಕಾಕಾ' ಅಂತ ಬರದು, ತಾರೀಖು ಹಾಕ್ಯಾನ.

ಹೊಳಿದಂಡಿ

ಕಲ್ಲಿನವಂಗ ಫೋನ್ ಮಾಡಿದೆ. "ಪಕ್ಕಾ ಏನ್ರಿ, ಕೆತ್ತಿದ ಮ್ಯಾಲ ತಿದ್ದಾಕ ಬರಂಗಿಲ್ಲ" ಅಂದ. ಪಕ್ಕಾ ಅಂದೆ.

ನವನಗರದ ನರ್ಸು

ಇದು ಮುಗದ ಮ್ಯಾಲ ಒಂದು ಕೇಳ್ಲ್ಯಾ? ನಮ್ಮ ಅವ್ವಂದೂ ಆಧಾರದಾಗ ಜೂನ್ ಒಂದು ಐತಿ. ಅಕಿ ಹುಟ್ಟಿದಾಗ ಬಿಳಿಜೋಳದ ತೆನಿ ಮುರಿಯಾಕತ್ತಿದ್ರಂತ, ಆಯಿ ಹೊಲದಾಗ ಇದ್ಲಂತ. ಅಷ್ಟ ಗೊತ್ತು. ಆಯಿ ಈಗಿಲ್ಲ. ಹಿರಿಯಾರು ಯಾರರೆ ಲೆಕ್ಕ ಹಾಕಾಕ ಬರ್ತೈತೇನು?

ಟಪಾಲ್ ಮುತ್ಯಾ

ಮುತ್ಯಾ ಕೇಳಾಕತ್ತಾನ: ಅಕಿ ತವರೂರು ಯಾವುದು? ಅಲ್ಲಿ ಆಗ ಕರೆಂಟ್ ಬಂದಿತ್ತೋ, ಇನ್ನೂ ಚಿಮಣಿನೋ?